ಹೈಮಂತಿಯ ಡಬ್ಬಿಗಳು

ಭವತೋಷ ಕುಂಡು ಅಕ್ಕಿಯ ಡ್ರಮ್ಮಿನೊಳಗೆ ಮೊಣಕೈವರೆಗೆ ಕೈ ಇಳಿಸಿ ತಡಕಾಡುತ್ತಿದ್ದ. ಹೆಂಡತಿ ಗಂಗಾಸ್ನಾನಕ್ಕೆ ಹೋಗಿದ್ದಳು. ಅವಳು ವಾಪಸಾಗುವುದರೊಳಗೆ ಸಿಹಿ ಎಲ್ಲಿದೆಯೆಂದು ಪತ್ತೆಯಾಗಲೇಬೇಕಿತ್ತು.

ಹೈಮಂತಿಗೆ ಸಕ್ಕರೆ ಕಾಯಿಲೆ. ಇನ್ನೂ ಹತೋಟಿಗೆ ಬಾರದಿದ್ದರೆ ಕಣ್ಣು ಉಳಿಯುವುದಿಲ್ಲವೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅಂದಿನಿಂದ ಮನೆಗೆ ಸಂದೇಶ್ ಮಿಠಾಯಿ ಬಂದಿಲ್ಲ, ರಸಗುಲ್ಲ ಬಂದಿಲ್ಲ. ಅವಳ ಜೊತೆ ಪಥ್ಯ ಹಿಡಿದ ಭವತೋಷ ಸೊರಗಿ ಕಡ್ಡಿಯಾಗಿದ್ದ. ಆದರೂ ಪರೀಕ್ಷೆ ಮಾಡಿಸಿದಾಗಲೆಲ್ಲ ಅವಳ ಸಕ್ಕರೆ ಏರಿಯೇ ಇರುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿರುವುದು ಖಚಿತ. ಭವತೋಷನಿಗೆ ಸಿಟ್ಟಿಗಿಂತ ಭಯವೇ ಹೆಚ್ಚಾಗಿತ್ತು.

ಆದರೆ ಆ ಮನೆಯಲ್ಲಿ ಹುಡುಕುವುದೆಂದರೆ ಹುಡುಗಾಟವಲ್ಲ. ಹೈಮಂತಿ ಹುಟ್ಟಿದಾರಭ್ಯ ಏನನ್ನೂ ಎಸೆದವಳಲ್ಲ. ಹರಿದ ಸೀರೆಗಳು ಕೌದಿಯಾಗಿದ್ದವು. ಮುರಿದ ಕೊಡೆಯ ಬಟ್ಟೆ ಮೀನಿನ ಚೀಲವಾಗಿತ್ತು. ಮಾತು ನಿಲ್ಲಿಸಿದ ರೇಡಿಯೊದ ಹೊಟ್ಟೆಯಲ್ಲಿ ಈಗ ಮಸಾಲೆಯ ಸಂಸಾರ. ಡಬ್ಬಿಗಳ ಮೇಲಿನ ಹೆಸರನ್ನಂತೂ ಯಾರೂ ನಂಬುವಂತಿರಲಿಲ್ಲ.

ಐಸ್‌ಕ್ರೀಂ ಡಬ್ಬಿ ತೆರೆದ. ಇಲಿಶ್ ಮೀನಿನ ತಲೆಯೊಂದು ಅವನನ್ನೇ ದುರುಗುಟ್ಟಿ ನೋಡಿತು. ಜಾಮಿನ ಸೀಸೆಯಲ್ಲಿ ಸಾಸಿವೆ. ಚಹಾದ ಡಬ್ಬಿಗೆ ಕೈ ಹಾಕಿದ್ದೇ ತಡ, ಸೂಜಿ ಚುಚ್ಚಿತು. ಈ ಮನೆಯಲ್ಲಿ ಅದೇನು ಹೊಸದಲ್ಲವೆಂದು ಮುಚ್ಚಳ ಹಾಕಿ ಮುಂದಿನದಕ್ಕೆ ಹೋದ.

ಒದ್ದೆ ಸೀರೆಯ ಗಂಟು ಹಿಡಿದು ಹೈಮಂತಿ ಬಾಗಿಲಲ್ಲಿ ನಿಂತಿದ್ದಳು.

"ಏನ್ರೀ, ಬೆರಳು ಚೀಪ್ತಿದ್ದೀರಾ? ಈ ವಯಸ್ನಲ್ಲಿ ಮತ್ತೆ ಮಗು ಆದ್ರಾ?"

"ಸಿಹಿ ಎಲ್ಲಿ ಬಚ್ಚಿಟ್ಟಿದ್ದೀಯ, ಹೇಳ್ಬಿಡು."

"ಬಚ್ಚಿಡೋದಾ? ಎಲ್ಲಾ ನಿಮ್ಮ ಕಣ್ಣೆದುರಿಗೇ ಇದೆಯಲ್ಲ. ಯಾವ ಡಬ್ಬಿ ಬೇಕಾದ್ರೂ ತೆಗೆದು ನೋಡಿ."

"ನೋಡಿ ಆಯ್ತು."

"ಸಿಕ್ತಾ?"

ಭವತೋಷ ತಲೆ ತಗ್ಗಿಸಿದ. ಗಂಗೆಯಲ್ಲಿ ಮಿಂದು ಬಂದವಳ ಮೇಲೆ ಅನುಮಾನಪಟ್ಟೆನಲ್ಲ ಎಂದು ನಾಚಿಕೆಯಾಯಿತು.

"ತಪ್ಪಾಯ್ತು ಹೈಮಾ. ನಿನ್ನ ಕಣ್ಣಿಗೇನಾದ್ರೂ ಆದ್ರೆ ನಾನು ಬದುಕೋದು ಹೇಗೆ ಅಂತ ಹೆದರ್ಕೊಂಡೆ, ಅಷ್ಟೇ."

ಹೈಮಂತಿಯ ಮುಖ ಸಪ್ಪಗಾಯಿತು. ಏನನ್ನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಪಕ್ಕದ ಮನೆಯ ಮಿನತಿ ನುಗ್ಗಿ ಬಂದಳು.

"ದೀದಿ, ರವಿಕೆ ಹುಕ್ಕು ಕಿತ್ತು ಬಂತು, ಒಂದು ಸೂಜಿ ದಾರ ಬೇಕಿತ್ತು. ನೀವು ಕೂತ್ಕೊಳ್ಳಿ, ನಾನೇ ತಗೋತೀನಿ."

ಎಲ್ಲಿದೆಯೆಂದು ಅವಳು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಕಪಾಟಿನ ಮೇಲಿದ್ದ ನೀಲಿ ಬಣ್ಣದ ದುಂಡು ಡಬ್ಬಿಗೆ ನೇರವಾಗಿ ಕೈ ಹಾಕಿದಳು. ಮುಚ್ಚಳದ ಮೇಲೆ ಬೆಣ್ಣೆ ಬಿಸ್ಕತ್ತಿನ ಚಿತ್ರ. ಬಿಸ್ಕತ್ತು ಖಾಲಿಯಾದ ಮೇಲೆ ಅಂಥ ಡಬ್ಬಿಯಲ್ಲಿ ಸೂಜಿ ದಾರವೇ ಇರುತ್ತದೆಂದು ಬಂಗಾಳದ ಹಸುಗೂಸಿಗೂ ಗೊತ್ತು. ಭವತೋಷ ತೆರೆಯದೆ ಬಿಟ್ಟಿದ್ದು ಅದೊಂದನ್ನೇ.

"ಬೇಡ ಮಿನತಿ, ಅದನ್ನ ಮುಟ್ಬೇಡ!" ಎಂದು ಹೈಮಂತಿ ಹಾರಿ ಬಂದಳು. ಮುಚ್ಚಳ ಆಗಲೇ ತೆರೆದಿತ್ತು.

ಬಿಸ್ಕತ್ತಿನ ಡಬ್ಬಿಯ ತುಂಬ ಬಿಸ್ಕತ್ತುಗಳಿದ್ದವು.