ಇನ್ನೊಬ್ಬರ ಬ್ಯಾಗಿಗೆ ಕೈ ಹಾಕಬಾರದು

"ರೀ ಸ್ವಾಮಿ, ಆ ಫಿನ್ನು ಸ್ವಲ್ಪ ಒಳಗೆಳ್ಕೊಳ್ಳಿ. ಇದು ಜನ ಓಡಾಡೋ ಜಾಗ," ಎಂದರು ಹಲ್ಲಿನ ಡಾಕ್ಟರು.

ಎದುರು ಬೆಂಚಿನ ಮೀಸೆಯವನು ಬಾತುಕೋಳಿ ಪಾದದಂಥ ತನ್ನ ರಬ್ಬರ್ ಫಿನ್ನುಗಳನ್ನು ಗಡಿಬಿಡಿಯಿಂದ ಬ್ಯಾಗಿಗೆ ತುರುಕಿದ. ಡಾಕ್ಟರಿಗೆ ಅಷ್ಟಕ್ಕೇ ಸಮಾಧಾನವಿಲ್ಲ. ಸ್ಕೂಬಾ ಬೋಟಿನಲ್ಲಿ ಒಬ್ಬರಿಗೆ ಒಂದೇ ಬ್ಯಾಗು, ಅದೂ ಬೆಂಚಿನ ಕೆಳಗೆ. ಮೊದಲು ತೊಡುವುದು ಮೇಲೆ, ಕೊನೆಗೆ ಕಣ್ಣಿಗೆ ತೊಡುವ ಮಾಸ್ಕು ತಳದಲ್ಲಿ. ಸತ್ತರೂ ಇನ್ನೊಬ್ಬರ ಬ್ಯಾಗಿಗೆ ಕೈ ಹಾಕಬಾರದು. ಹೀಗೆ ಪಾಠ ಸಾಗಿತು. ಇವರಿಗೆಲ್ಲ ನೀರಿನಡಿ ಉಸಿರಾಡಲು ಕಲಿಸಿದ ಮೇಷ್ಟ್ರು ಅಲ್ಲೇ ನಿಂತು ಕೇಳಿ, "ನಾನು ಹೇಳ್ಬೇಕಾದ್ದನ್ನೆಲ್ಲ ಡಾಕ್ಟ್ರೇ ಹೇಳಿಬಿಟ್ರು," ಎಂದರು. ಡಾಕ್ಟರು ಉಬ್ಬಿಹೋದರು. ಒಮ್ಮೆಯೂ ಕಡಲಿಗಿಳಿಯದೆ ಇಷ್ಟೆಲ್ಲ ತಿಳಿದುಕೊಂಡವನು ತಾನೊಬ್ಬನೇ ಇರಬೇಕು ಎಂದು ಒಳಗೊಳಗೇ ಅವರಿಗೆ ನಗುವೂ ಬಂತು.

ಹೌದು, ಇಳಿದೇ ಇರಲಿಲ್ಲ. ಈಜುಕೊಳದಲ್ಲಿ ಕಲಿತು ಪಾಸಾದದ್ದು ಹೆಂಡತಿಯ ಜೊತೆಗೇ. ಕಡಲಿಗೆ ಬಂದಾಗ ಮಾತ್ರ ಮೊದಲ ಸಲ ಕಿವಿನೋವು, ಆಮೇಲೆ ನೆಗಡಿ, ಅದಾದ ಮೇಲೆ ಸೊಂಟ ಹಿಡಿಯಿತು. ಪ್ರತಿ ಸಲವೂ ಅವಳು ಯಾರೋ ಅಪರಿಚಿತರ ಜೋಡಿಯಾಗಿ ಇಳಿದು, ಮೇಲೆ ಬಂದು, ಕಂಡ ಮೀನನ್ನೆಲ್ಲ ಕೈಯಾಡಿಸಿ ವರ್ಣಿಸುತ್ತಿದ್ದಳು. ಇವರು ಒಣಗಿದ ಬಟ್ಟೆಯಲ್ಲಿ ಕೂತು ತಲೆಯಾಡಿಸುತ್ತಿದ್ದರು. ಈ ಸಲ ಅವಳು ಜಗಳವನ್ನೇ ಆಡಲಿಲ್ಲ. "ಇವತ್ತು ಇಳಿದ್ರೆ ಇಳೀರಿ. ಇನ್ಮೇಲೆ ನಾನು ಕರಿಯೋದಿಲ್ಲ," ಎಂದಳು, ಅಷ್ಟೆ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಕರೆಯುವುದನ್ನೇ ಬಿಡುತ್ತಾಳೆ ಎಂಬುದು ಡಾಕ್ಟರ ಎದೆಗೆ ನಾಟಿತ್ತು.

ಅಷ್ಟು ನಾಟಿದರೂ ಬೆಳಗ್ಗೆ ಅವಳು ಸ್ನಾನಕ್ಕೆ ಹೋದದ್ದೇ ತಡ, ತಮ್ಮ ಮಾಸ್ಕನ್ನು ಬ್ಯಾಗಿನಿಂದ ತೆಗೆದು ವಾಷಿಂಗ್ ಮೆಷಿನ್ನಿನೊಳಗೆ ಬಚ್ಚಿಟ್ಟಿದ್ದರು. ರೋಗಗಳೆಲ್ಲ ಮುಗಿದಿದ್ದವಲ್ಲ, ಈಗ ಬ್ಯಾಗಿನ ಸರದಿ. ಆ ಮಾಸ್ಕಿಗೆ ಅವರ ಕಣ್ಣಿನ ಪವರಿಗೆ ತಕ್ಕ ಗಾಜು ಹಾಕಿಸಿದ್ದರು. ಬೇರೆ ಯಾರೂ ಸಾಲ ಕೊಟ್ಟು ಉಪಕಾರ ಮಾಡುವ ಹಾಗಿರಲಿಲ್ಲ. ಇಷ್ಟು ತಲೆಯನ್ನು ಈಜಿಗೆ ಓಡಿಸಿದ್ದರೆ ಇಷ್ಟೊತ್ತಿಗೆ ಮೀನೇ ಆಗಿರುತ್ತಿದ್ದರು.

ಬೋಟು ನಿಂತಿತು. ಎಲ್ಲರೂ ಸಿಲಿಂಡರ್ ಬೆನ್ನಿಗೇರಿಸತೊಡಗಿದರು. ಡಾಕ್ಟರು ಈಜುಡುಗೆ ತೊಟ್ಟು ತಮ್ಮ ನಾಟಕ ಶುರು ಮಾಡಿದರು. ಟವೆಲ್ಲು, ಫಿನ್ನು, ಕೈಗವಸು, ನೀರಿನ ಬಾಟಲಿ ಎಲ್ಲವನ್ನೂ ಬ್ಯಾಗಿನಿಂದ ಹೊರಗೆಳೆದು ಹರಡಿದರು.

"ಸಾರ್, ಇದು ಜನ ಓಡಾಡೋ ಜಾಗ," ಎಂದ ಮೀಸೆಯವನು, ಬಹಳ ವಿನಯದಿಂದ.

ಡಾಕ್ಟರ ಕಿವಿ ಕೆಂಪಾಯಿತು. ಆದರೂ ಬಿಡಲಿಲ್ಲ. "ಅಯ್ಯೋ, ಮಾಸ್ಕೇ ಕಾಣಿಸ್ತಿಲ್ವಲ್ಲೇ!"

ದನಿಯಲ್ಲಿ ದುಃಖ ಚೆನ್ನಾಗಿಯೇ ಬಂತು. ಅದು ಕೇಳಿದ ಕೂಡಲೇ, ತಮ್ಮ ಕ್ಲಿನಿಕ್ಕಿನ ಬಾಗಿಲವರೆಗೂ ಬಂದು "ನೋವು ಹೋಗೇಬಿಟ್ಟಿದೆ ಡಾಕ್ಟ್ರೇ" ಎಂದು ಹಲ್ಲು ಗಿಂಜಿ ಓಟ ಕೀಳುವವರು ನೆನಪಾದರು. ಅವರನ್ನು ಆಡಿಕೊಂಡು ನಕ್ಕದ್ದೆಷ್ಟು! ಹಿಡಿದು ಕುರ್ಚಿಗೆ ಕೂರಿಸಿ, "ಬಾಯಿ ತೆಗೀರಿ, ಇರುವೆ ಕಚ್ಚಿದ ಹಾಗಾಗತ್ತೆ ಅಷ್ಟೆ" ಎಂದು ಸೂಜಿ ಎತ್ತಿದ್ದೆಷ್ಟು!

"ತಳದಲ್ಲಿ ನೋಡಿದ್ರಾ?" ಎಂದಳು ಹೆಂಡತಿ.

"ನೋಡ್ತಾನೇ ಇದೀನಲ್ಲೇ," ಎಂದು ಮೊಳಕೈವರೆಗೆ ಕೈ ಇಳಿಸಿದರು. ಬೆರಳಿಗೆ ರಬ್ಬರು ತಗುಲಿತು. ಅದರಾಚೆ ನುಣುಪಾದ ಗಾಜು. ಅದೇ ಮಾಸ್ಕು! ತಲೆಯೆತ್ತಿ ನೋಡಿದರೆ ಹೆಂಡತಿ ಕಡಲಿನ ಕಡೆ ಮುಖ ಮಾಡಿ ಕೂದಲು ಗಂಟು ಹಾಕಿಕೊಳ್ಳುತ್ತಿದ್ದಳು. ಮೆಷಿನ್ನಿಗೆ ಬಟ್ಟೆ ಹಾಕುವುದು ಮನೆಯಲ್ಲಿ ಯಾವಾಗಲೂ ಅವಳೇ ಎಂಬುದು ಆಗ ಹೊಳೆಯಿತು.

"ಕೊಡಿ, ನಾನು ಹುಡುಕ್ತೀನಿ," ಎಂದು ಮೇಷ್ಟ್ರು ಬಗ್ಗಿದರು.

"ಬೇಡಿ ಮೇಷ್ಟ್ರೇ," ಎಂದಳು ಅವಳು, ತಿರುಗದೆಯೇ. "ಇನ್ನೊಬ್ರ ಬ್ಯಾಗಿಗೆ ಕೈ ಹಾಕಬಾರ್ದು. ಅವ್ರೇ ಹೇಳ್ಲಿ. ಇಲ್ಲ ಅಂದ್ರೆ ಇಲ್ಲ."

ಡಾಕ್ಟರ ಕೈ ಇನ್ನೂ ಬ್ಯಾಗಿನೊಳಗೇ ಇತ್ತು. ಇಲ್ಲ ಎಂದುಬಿಟ್ಟರೆ ಮುಗಿಯಿತು. ಇಷ್ಟು ಜನರ ಮುಂದೆ ಅವಳು ಮರ್ಯಾದೆ ತೆಗೆಯುವವಳಲ್ಲ. ನಂಬಿದವಳಂತೆ ತಲೆಯಾಡಿಸಿ, ಇನ್ನೊಬ್ಬರ ಜೋಡಿ ಹಿಡಿದು ಇಳಿದುಹೋಗುತ್ತಾಳೆ. ಮುಂದಿನ ಸಲ ತನ್ನದೊಂದೇ ಬ್ಯಾಗು ತುಂಬುತ್ತಾಳೆ. ಆ ಒಂದು ಬ್ಯಾಗನ್ನು ನೆನೆದು ಅವರಿಗೆ ನೀರಿಗಿಂತ ಹೆಚ್ಚು ಭಯವಾಯಿತು.

"ಇದೆ ಕಣೇ," ಎಂದರು, ಹುಳ್ಳಗೆ. "ತಳದಲ್ಲೇ ಇತ್ತು."

ಅವಳು ಈಗ ತಿರುಗಿದಳು. ಹರಡಿದ್ದನ್ನೆಲ್ಲ ಸರಸರನೆ ಬ್ಯಾಗಿಗೆ ತುಂಬಿ ಬೆಂಚಿನ ಕೆಳಗೆ ತಳ್ಳಿದಳು, ಅವರ ಬೆನ್ನಿಗೆ ಸಿಲಿಂಡರ್ ಏರಿಸಿ ಪಟ್ಟಿ ಬಿಗಿದಳು, ಫಿನ್ನು ತೊಡಿಸಿದಳು, ಕೊನೆಗೆ ಮಾಸ್ಕು. ಡಾಕ್ಟರು ಬೋಟಿನ ಅಂಚಿನಲ್ಲಿ ಕೂತು, ಎರಡೂ ಕೈಯಿಂದ ಅದನ್ನೇ ಬಿಗಿಯಾಗಿ ಹಿಡಿದರು.

"ನಂಗೆ ಭಯ ಆಗ್ತಿದೆ ಕಣೇ."

"ಗೊತ್ತು," ಎಂದಳು ಹೆಂಡತಿ. ಉಸಿರಿನ ಕೊಳವೆಯ ತುದಿಯನ್ನು ಅವರ ಮುಖದ ಮುಂದೆ ಹಿಡಿದಳು. "ಬಾಯಿ ತೆಗೀರಿ ಡಾಕ್ಟ್ರೇ. ಇರುವೆ ಕಚ್ಚಿದ ಹಾಗಾಗತ್ತೆ, ಅಷ್ಟೆ."