ತೊಟ್ಟಿಲ ದೃಶ್ಯದ ಕಲೆ

ಮನೆ ಬಾಗಿಲಲ್ಲಿ ಸಿಕ್ಕ ಮಗುವನ್ನು ಸಾಕಲು ಒದ್ದಾಡುವ, ಮದುವೆಯಾಗದ ಇಬ್ಬರ ನಗೆಚಿತ್ರ ಅದು. ಇಪ್ಪತ್ತು ವರ್ಷಗಳ ನಂತರ ಮತ್ತೆ ಬಿಡುಗಡೆಯಾಗುತ್ತಿತ್ತು. ತೆರೆಯ ಹಿಂದಿನ ಸ್ವಾರಸ್ಯಗಳನ್ನು ಹೇಳಿಸಲು ನಿರ್ದೇಶಕ ನಂಜುಂಡಿ, ನಾಯಕ ಕೌಶಿಕ್, ನಾಯಕಿ ನಳಿನಿ ಮೂವರನ್ನೂ ಒಂದೇ ಸೋಫಾದಲ್ಲಿ ಕೂರಿಸಿದ್ದರು. ನಂಜುಂಡಿಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಸಿನಿಮಾದ ತಪ್ಪುಗಳನ್ನು ಹೆಕ್ಕುವವರೆಲ್ಲ ಇಂಟರ್ನೆಟ್ಟಿನಲ್ಲಿ ಒಂದೇ ದೃಶ್ಯ ಹಿಡಿದು ಆಡಿಕೊಳ್ಳುತ್ತಿದ್ದರು: ತೊಟ್ಟಿಲ ಮುಂದೆ ನಿಂತ ನಳಿನಿಯ ರವಿಕೆ ಒಂದು ಶಾಟಿನಲ್ಲಿ ಒಣಗಿದೆ, ಮರುಶಾಟಿನಲ್ಲಿ ಒದ್ದೆ.

“ಕಾಮಾಲೆ ಅಂತ ನಾಲ್ಕು ತಿಂಗಳು ಶೂಟಿಂಗ್ ನಿಲ್ಲಿಸ್ದೆ. ವಾಪಸ್ ಬಂದ ಮೊದಲ ದಿನಾನೇ ಕಾಫಿ ಚೆಲ್ಕೊಂಡು ನನ್ನ ಮಾನ ಹರಾಜು ಹಾಕ್ದೆ,” ಎಂದು ನಂಜುಂಡಿ ಕ್ಯಾಮೆರಾದ ಮುಂದೆಯೇ ನಳಿನಿಯ ಮೇಲೆ ಹರಿಹಾಯ್ದ. “ನೀನು ಪಕ್ಕದಲ್ಲೇ ಇದ್ಯಲ್ಲೋ ಕೌಶಿಕ್, ನೋಡ್ಬಾರ್ದಿತ್ತಾ?”

ಕೌಶಿಕ್ ನಕ್ಕ. “ನನ್ನನ್ನ ಯಾಕೆ ಎಳೀತೀರಾ ಸಾರ್? ನಂಗೂ ಅದಕ್ಕೂ ಸಂಬಂಧ ಇಲ್ಲ.”

“ಅದು ಕಾಫಿ ಅಲ್ಲ,” ಎಂದಳು ನಳಿನಿ.

“ಮತ್ತೇನು, ಪನ್ನೀರಾ?” ಎಂದ ನಂಜುಂಡಿ.

“ತೊಟ್ಟಿಲಲ್ಲಿದ್ದ ಮಗು ಅತ್ತಿತಲ್ಲ ಸಾರ್, ಆಗ ಹಾಲು ಇಳಿದುಬಿಡ್ತು. ನಂಗೆ ಬಂದಿದ್ದು ಕಾಮಾಲೆ ಅಲ್ಲ. ಹೆರಿಗೆ ಆಗಿ ತಿಂಗಳಾಗಿತ್ತು.”

ಪಕ್ಕದಲ್ಲಿ ಕೌಶಿಕ್ ಕಾಲರಿಗೆ ಸಿಕ್ಕಿಸಿದ್ದ ಮೈಕನ್ನು ಕೀಳುತ್ತ ಎದ್ದು ನಿಂತಿದ್ದ.

“ಕೂತ್ಕೊ,” ಎಂದು ಅವನಿಗೆ ಹೇಳಿ ನಳಿನಿ ನಿರ್ದೇಶಕನತ್ತ ತಿರುಗಿದಳು. “ಆಸ್ಪತ್ರೆಯಿಂದ ನಾನು ಫೋನ್ ಮಾಡಿ ಮಗು ಹುಟ್ಟಿದೆ ಅಂದಾಗ್ಲೂ ಇವನು ಇದೇ ಮಾತು ಹೇಳಿದ್ದು ಸಾರ್. ‘ನಂಗೂ ಅದಕ್ಕೂ ಸಂಬಂಧ ಇಲ್ಲ.’”