ಗೌಡರಿಗೆ ಸೋಡಾ ಇಲ್ಲ

"ಸೋಡಾ ತರಿಸ್ಬೇಡ ಅಂತ ನಿನ್ನೆಯಿಂದ ಬಡ್ಕೊತಾ ಇದೀನಿ. ಮತ್ತೆ ಯಾಕವ್ವ ತರಿಸ್ದೆ?"

ಅಡುಗೆಮನೆಯ ಮೂಲೆಯಲ್ಲಿ ತಣ್ಣೀರಿನ ಬಕೆಟ್ಟಿನಲ್ಲಿ ಅದ್ದಿಟ್ಟಿದ್ದ ಬಾಟಲಿಯನ್ನು ಎತ್ತಿ ಹಿಡಿದು ಕೋಮಲ ಕೇಳಿದಳು. ಅವ್ವ ಪಾಪಮ್ಮ ಸಾರಿನ ಪಾತ್ರೆಯಿಂದ ಕಣ್ಣು ತೆಗೆಯಲಿಲ್ಲ. ಹೊರಗೆ ಚಪ್ಪರದಡಿ ಹೆಡತಲೆ ಊರಿನ ನೆಂಟರು, ಕೋಮಲಳ ಜೊತೆ ಓದಿದ ಗೆಳತಿಯರು ಆಗಲೇ ಎಲೆ ಮುಂದೆ ಕೂರತೊಡಗಿದ್ದರು.

"ಪುಟ್ಸಾಮಿಗೌಡ್ರು ಬಂದು ಕುರ್ಚಿ ಮ್ಯಾಲೆ ಕೂತವ್ರೆ. ಅವ್ರಿಗೇನ್ ಕೊಡಾದು, ನಿನ್ ಸರ್ಟಿಫಿಕೇಟಾ?"

"ಎಲ್ರಿಗೂ ಏನು ಬಡಿಸ್ತೀವೋ ಅದೇ."

"ಉಣ್ಣಕಿಲ್ಲ ಅಂತ ಎದ್ದೋದ್ರೆ? ಅಷ್ಟ್ ಜನದ್ ಮುಂದೆ ಮಾನ ಓಯ್ತದೆ ಕಣವ್ವ."

ಪಾಪಮ್ಮನ ಹೆದರಿಕೆಯಲ್ಲಿ ತಪ್ಪೇನೂ ಇರಲಿಲ್ಲ. ಅವರ ಬೀದಿಯಲ್ಲಿ ಮದುವೆಯಾಗಲಿ, ಗೃಹಪ್ರವೇಶವಾಗಲಿ, ಬುದ್ಧಪೂರ್ಣಿಮೆಯಾಗಲಿ, ಮೇಲಿನ ಬೀದಿಯವರನ್ನು ಕರೆಯುತ್ತಿದ್ದರು. ಅವರೂ ಮಡಿ ಪಂಚೆ ಉಟ್ಟು ಬರುತ್ತಿದ್ದರು, ಒಳ್ಳೆಯ ಮಾತಾಡುತ್ತಿದ್ದರು, ಮುಚ್ಚಳ ತೆಗೆಯದ ಸೋಡಾ, ಸಿಪ್ಪೆ ಸುಲಿಯದ ಬಾಳೆಹಣ್ಣು ಈಸಿಕೊಂಡು ಹೊರಟುಬಿಡುತ್ತಿದ್ದರು. ಉಣ್ಣುವುದಿಲ್ಲ ಎಂದು ಅವರು ಬಾಯಿಬಿಟ್ಟು ಹೇಳಬೇಕಿರಲಿಲ್ಲ, ಉಣ್ಣಿ ಎಂದು ಇವರು ಕೇಳಬೇಕಿರಲಿಲ್ಲ. ಊರಿನಲ್ಲಿ ಇದಕ್ಕೆ ಹೊಂದಾಣಿಕೆ ಎಂದು ಹೆಸರು.

ಇಂಥ ಊರಿನ ಕೋಮಲ ಮೊನ್ನೆ ತಾನೇ ಮೈಸೂರಿನ ಘಟಿಕೋತ್ಸವದಲ್ಲಿ ಕರಿ ಗೌನು ತೊಟ್ಟು, ಮಾನವ ಹಕ್ಕುಗಳ ಎಂ.ಎ. ಪದವಿ ಪಡೆದು ಬಂದಿದ್ದಳು. ಅದೇ ಸಂತೋಷಕ್ಕೆ ಇವತ್ತಿನ ಊಟ. ಬನ್ನೂರಿನಲ್ಲಿ ಮಾಡಿಸಿದ ಫ್ಲೆಕ್ಸಿನಲ್ಲಿ ಅವಳ ಫೋಟೋ ನಗುತ್ತಿತ್ತು. ಆ ಫೋಟೋದ ಕೆಳಗೇ ಗೌಡರ ಕೈಗೆ ಸೋಡಾ ಕೊಟ್ಟರೆ, ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಜೊತೆಗೆ ಓದಿದವರ ಮುಖವನ್ನು ಮುಂದೆ ಅವಳು ಯಾವ ಮುಖ ಇಟ್ಟುಕೊಂಡು ನೋಡುವುದು?

ಕೋಮಲ ಬಾಟಲಿಯ ಮುಚ್ಚಳ ಕಿತ್ತಳು. ಅವ್ವ ನೋಡುತ್ತಿದ್ದಂತೆಯೇ ಗಟಗಟನೆ ತಾನೇ ಕುಡಿದು, ಖಾಲಿ ಬಾಟಲಿಯನ್ನು ಕೆಳಗಿಟ್ಟು ಹೊರಗೆ ಹೋದಳು. ಪಾಪಮ್ಮ ತಲೆಯ ಮೇಲೆ ಕೈಹೊತ್ತು ಒಲೆಯ ಮುಂದೆ ಕುಸಿದಳು.

ಹಾಲಿನ ಡೈರಿಯ ಅಧ್ಯಕ್ಷರಾದ ಪುಟ್ಟಸ್ವಾಮಿಗೌಡರು ಬಿಳಿ ಪಂಚೆ ಮುದುರದಂತೆ ಕುರ್ಚಿಯ ತುದಿಯಲ್ಲಿ ಕುಳಿತಿದ್ದರು. "ಊರಿಗೆ ಎಸ್ರು ತಂದ್ಬುಟ್ಟೆ ಕಣವ್ವ" ಎಂದು ಮನಸಾರೆ ಹರಸಿದರು.

"ಎಲೆ ಹಾಕಿದೀವಿ ಗೌಡ್ರೇ. ಬನ್ನಿ, ಊಟ ಮಾಡಿ."

ಗೌಡರು ಕುರ್ಚಿಯ ತುದಿಗೆ ಇನ್ನಷ್ಟು ಸರಿದರು. ಪಂಕ್ತಿಯ ಗದ್ದಲ ತಟ್ಟನೆ ನಿಂತಿತು. ನಂಜನಗೂಡಿನ ಗೆಳತಿ ರಂಜಿನಿ ಹಪ್ಪಳ ಮುರಿಯುವುದನ್ನು ಬಿಟ್ಟು ಇತ್ತಲೇ ನೋಡಿದಳು.

"ನಂಗೆ ಸುಗರ್ರು ಕಣವ್ವ. ಪಾಯ್ಸ ಗೀಯ್ಸ ಮುಟ್ಬ್ಯಾಡಿ ಅಂದವ್ರೆ ಡಾಕ್ಟ್ರು. ಒಂದ್ ಸೋಡಾ ಇದ್ರೆ ಸಾಕಾಗಿತ್ತು."

ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದ ಕೋಮಲಳಿಗೆ ಸಕ್ಕರೆ ಕಾಯಿಲೆಗೆ ಏನು ಉತ್ತರ ಹೇಳಬೇಕೋ ತೋಚಲಿಲ್ಲ. ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಪಾಪಮ್ಮ ಹೊರಗೆ ಬಂದಳು. ಕೈಯಲ್ಲಿ ಹಬೆಯಾಡುವ ಮುದ್ದೆಯ ತಟ್ಟೆ, ಅವರೆಕಾಳು ಸಾರಿನ ಬೋಗುಣಿ. ಮುಖದಲ್ಲಿ ಹೆದರಿಕೆಯ ಸುಳಿವೂ ಇರಲಿಲ್ಲ.

"ಸುಗರ್ಗೆ ಮುದ್ದೆ ಬೋ ಒಳ್ಳೇದಂತೆ ಗೌಡ್ರೇ. ಬನ್ನಿ, ಬಿಸಿಯಾಗದೆ" ಎಂದವಳೇ ಎಲೆಗೆ ಬಡಿಸಿಯೂಬಿಟ್ಟಳು.

ಈಗಷ್ಟೇ ನಡುಗುತ್ತಿದ್ದ ಅವ್ವ ಇವಳೇನಾ ಎಂದು ಕೋಮಲ ಬೆರಗಾದಳು. ಗೌಡರು ಬೀದಿಯ ಆ ತುದಿ ನೋಡಿದರು, ಈ ತುದಿ ನೋಡಿದರು. ಆಮೇಲೆ ಪಂಚೆ ಎತ್ತಿಕಟ್ಟಿ ರಂಜಿನಿಯ ಪಕ್ಕದ ಎಲೆಗೆ ಬಂದು ಕುಳಿತರು. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದರು. ಕೋಮಲಳಿಗೆ ಹೋದ ಜೀವ ಬಂದಂತಾಯಿತು. ಘಟಿಕೋತ್ಸವದ ವೇದಿಕೆಯಿಂದ ಇಳಿದಾಗಲೂ ಅವಳ ಎದೆ ಇಷ್ಟು ಹಗುರವಾಗಿರಲಿಲ್ಲ. ಪಂಕ್ತಿಯಲ್ಲಿ ಮತ್ತೆ ಮಾತು, ನಗು ಶುರುವಾಯಿತು.

ಮುದ್ದೆ ಅರ್ಧವಾಗುವಷ್ಟರಲ್ಲಿ ಗೌಡರು ಸುತ್ತ ನೋಡಿ ದನಿ ತಗ್ಗಿಸಿದರು. "ಪಾಪಮ್ಮ, ನಾನಿಲ್ಲಿ ಉಂಡಿದ್ದು ನಮ್ಮನೇಲಿ ಗೊತ್ತಾಗಾದ್ ಬ್ಯಾಡ. ವಿಶಾಲು ಮನೆ ಒಳೀಕೇ ಸೇರ್ಸಕಿಲ್ಲ. ಬಿರ್ನೆ ಉಂಡು ಓಯ್ತೀನಿ."

ಹೆಂಡತಿಗೆ ಇಷ್ಟು ಹೆದರುವ ಗೌಡರನ್ನು ಕಂಡು ಕೋಮಲಳ ಸಂತೋಷ ಅರ್ಧ ಇಳಿದುಹೋಯಿತು. ಕದ್ದು ಉಣ್ಣುವ ಊಟವೂ ಒಂದು ಊಟವಾ ಎಂದು ಅವಳಿಗೆ ಬೇಸರವಾಯಿತು.

ಪಾಪಮ್ಮ ಮಾತ್ರ ಸೆರಗಿನಲ್ಲಿ ನಗು ಮುಚ್ಚಿಕೊಂಡು ಬಗ್ಗಿದಳು. "ಏನ್ ಅರ್ಜೆಂಟು, ಸುಮ್ಕೆ ಉಣ್ಣಿ ಗೌಡ್ರೇ. ನಿಮ್ಮನೆ ಅಮ್ಮೋರು ಕೋಮ್ಲುಂಗೆ ಊವ ತಕಂಡು ಇತ್ಲು ಬಾಗ್ಲಲ್ಲಿ ನಾನು ಮುದ್ದೆ ತರಕ್ ಮುಂಚೇನೇ ಬಂದ್ರು. ನಂಗೂ ಇಕ್ಕು ಅಂತ ಅವರೇ ಕೇಳಿ ಅಡ್ಗೆಮನೇಲಿ ಉಣ್ತಾ ಕೂತವ್ರೆ. ನಿಮ್ಗೆ ಯೋಳ್ಬ್ಯಾಡ ಅಂದವ್ರೆ."

ಗೌಡರ ಕೈ ಎಲೆಯ ಮೇಲೆಯೇ ನಿಂತಿತು. ಅಡುಗೆಮನೆಯ ಬಾಗಿಲನ್ನು ಒಂದು ಗಳಿಗೆ ನೋಡಿದರು.

"ಅಂಗಾರೆ ಇನ್ನೊಂದ್ ಸೌಟು ಸಾರು ಬುಡು ಪಾಪಮ್ಮ. ಅವ್ಳು ನಿದಾನಕ್ಕೆ ಉಣ್ಲಿ."